ಗೋಧಿ ಚೀಲಕ್ಕೆ ಸೇನೆಯ ಷರತ್ತು ಬೇಡ

2004ರಲ್ಲಿ ದಕ್ಷಿಣ ಅಫ್ಗಾನಿಸ್ತಾನದಲ್ಲಿ ಅಮೆರಿಕ ನೇತೃತ್ವದ ಪಡೆಗಳು ಒಂದು ಕರಪತ್ರ ಹಂಚಿದವು. ಗೋಧಿ ಚೀಲ ಹಿಡಿದ ಹುಡುಗಿಯ ಚಿತ್ರ, ಜೊತೆಗೊಂದು ಸೂಚನೆ: ನೆರವು ಮುಂದುವರಿಯಬೇಕಿದ್ದರೆ ತಾಲಿಬಾನ್ ಮತ್ತು ಅಲ್ ಖೈದಾ ಬಗ್ಗೆ ಗೊತ್ತಿರುವುದನ್ನು ತಿಳಿಸಿ. ಹಸಿದವರ ಮುಂದೆ ಅನ್ನ ಹಿಡಿದು ಗುಟ್ಟು ಕೇಳುವುದು ಬೆದರಿಕೆ. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ, ಅಂದರೆ ಎಂಎಸ್‌ಎಫ್, ಇದನ್ನು ಬಹಿರಂಗವಾಗಿ ಖಂಡಿಸಿತು. ಕೆಲವೇ ವಾರಗಳಲ್ಲಿ, ಜೂನ್ 2ರಂದು, ಬಾದ್ಗೀಸ್ ಪ್ರಾಂತ್ಯದಲ್ಲಿ ಅದರ ಐವರು ಸಿಬ್ಬಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇವರೆಲ್ಲ ಅಮೆರಿಕದ ಹಿತಕ್ಕಾಗಿ ದುಡಿಯುವವರು ಎಂದು ತಾಲಿಬಾನ್ ವಕ್ತಾರ ಹೇಳಿಕೊಂಡ. 24 ವರ್ಷ ಆ ನೆಲದಲ್ಲಿ ದುಡಿದಿದ್ದ ಸಂಸ್ಥೆ ಜುಲೈನಲ್ಲಿ ನಿರ್ಗಮನ ಘೋಷಿಸಿತು.

ಕೊಲೆಯ ಹೊಣೆ ಕೊಂದವರದೇ. ಆದರೆ ವೈದ್ಯನನ್ನೂ ಸೈನಿಕನನ್ನೂ ಒಂದೇ ಎಂದು ಹಳ್ಳಿಯವರು ನಂಬುವಂತೆ ಮಾಡಿದವರು ಯಾರು? 2001ರ ನಂತರ ವಾಷಿಂಗ್ಟನ್‌ನಿಂದ ಬ್ರಸೆಲ್ಸ್‌ವರೆಗೆ ಒಂದೇ ವಾದ ಕೇಳಿಬಂತು: ಬಡತನ ಉಗ್ರವಾದವನ್ನು ಹೆರುತ್ತದೆ, ಆದ್ದರಿಂದ ಶಾಲೆ, ಬಾವಿ, ಆಸ್ಪತ್ರೆಗಳೂ ಭದ್ರತೆಯ ಭಾಗ. ಕೇಳಲು ಹಿತವಾದ ಮಾತು. ನಡೆದದ್ದು ಮಾತ್ರ ಬೇರೆ. ಅಫ್ಗಾನಿಸ್ತಾನದಲ್ಲಿ ಸೈನಿಕರೇ ಹೆಚ್ಚಾಗಿದ್ದ ‘ಪ್ರಾಂತೀಯ ಪುನರ್ನಿರ್ಮಾಣ ತಂಡ’ಗಳು ಕಟ್ಟಡ ಕಟ್ಟಲು ಹೊರಟವು. ಯಾವ ಊರಿಗೆ ಶಾಲೆ ಎಂಬುದನ್ನು ಮಕ್ಕಳ ಸಂಖ್ಯೆಗಿಂತ ಬಂದೂಕುಗಳ ಸಂಖ್ಯೆ ತೀರ್ಮಾನಿಸತೊಡಗಿತು. ಶಾಂತವಾಗಿದ್ದ ಬಡ ಜಿಲ್ಲೆಗಳು ಹಿಂದೆ ಬಿದ್ದವು. ಹೀಗೆ ಸುರಿದ ಹಣ ಜಗಳಗಳನ್ನು ಹೆಚ್ಚಿಸಿತು, ಭ್ರಷ್ಟಾಚಾರಕ್ಕೆ ದಾರಿ ಮಾಡಿಕೊಟ್ಟಿತು ಎಂದು 2018ರಲ್ಲಿ ಒಪ್ಪಿಕೊಂಡದ್ದು ಅಮೆರಿಕ ಸರ್ಕಾರವೇ ನೇಮಿಸಿದ ಲೆಕ್ಕ ತಪಾಸಣಾ ಕಚೇರಿ.

ಇದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುವುದು ಪಾಕಿಸ್ತಾನದ ಅಬೊಟ್ಟಾಬಾದ್‌ನಲ್ಲಿ ನಡೆದದ್ದು. ಅಲ್ಲಿನ ಮನೆಯೊಂದರಲ್ಲಿ ಒಸಾಮ ಬಿನ್ ಲಾದೆನ್ ಇದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಲು ಸಿಐಎ 2011ರಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಸೋಗಿನ ಅಭಿಯಾನ ನಡೆಸಿತು. ಆ ಮನೆಯ ಮಕ್ಕಳ ಡಿಎನ್‌ಎ ಸಿಗುವುದೇ ಎಂಬುದು ಲೆಕ್ಕಾಚಾರ. ಬಿನ್ ಲಾದೆನ್ ಸತ್ತ, ಸುದ್ದಿ ಹೊರಬಿತ್ತು. ಲಸಿಕೆಯವರು ಗೂಢಚಾರರು ಎಂದು ಮೊದಲಿನಿಂದಲೂ ಹಬ್ಬಿಸುತ್ತಿದ್ದವರ ಕೈಗೆ ಸಾಕ್ಷಿಯೇ ಸಿಕ್ಕಿತು. 2012ರ ಜೂನ್‌ನಲ್ಲಿ ಉತ್ತರ ವಜೀರಿಸ್ತಾನದ ಉಗ್ರ ನಾಯಕನೊಬ್ಬ ಪೋಲಿಯೊ ಲಸಿಕೆಗೆ ನಿಷೇಧ ಹೇರಿದ. ಡಿಸೆಂಬರ್‌ನಲ್ಲಿ ಕರಾಚಿ, ಪೆಶಾವರಗಳಲ್ಲಿ ಮನೆಮನೆ ಸುತ್ತುತ್ತಿದ್ದ ಲಸಿಕೆ ಕಾರ್ಯಕರ್ತರನ್ನು ಸಾಲಾಗಿ ಗುಂಡಿಟ್ಟು ಕೊಂದರು; ಹೆಚ್ಚಿನವರು ಹೆಣ್ಣುಮಕ್ಕಳು. 2012ರಲ್ಲಿ 58 ಇದ್ದ ಪಾಕಿಸ್ತಾನದ ಪೋಲಿಯೊ ಪ್ರಕರಣ 2014ರಲ್ಲಿ 306ಕ್ಕೇರಿತು.

ಅದೇ 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಪ್ರಮಾಣಪತ್ರ ಪಡೆಯಿತು. ಭಾನುವಾರ ಬೂತಿನಲ್ಲಿ ಎರಡು ಹನಿ ಹಾಕಿಸಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವರಿಗೆ ಗೊತ್ತು, ಆ ಕೆಲಸವೆಲ್ಲ ನಿಂತಿರುವುದು ಬಾಗಿಲು ತೆರೆಯುವ ತಾಯಿಯ ನಂಬಿಕೆಯ ಮೇಲೆ. ಲಸಿಕೆಯನ್ನು ಇನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಶ್ವೇತಭವನ 2014ರ ಮೇನಲ್ಲಿ ಮಾತು ಕೊಟ್ಟಿತು. ಅಷ್ಟರಲ್ಲಿ ಹಲವು ಮಕ್ಕಳ ಕಾಲು ಬಿದ್ದುಹೋಗಿತ್ತು.

ಪಾಠ ಕಲಿತರೇ? ಗಾಜಾ ನೋಡಿ. 2025ರ ಮಾರ್ಚ್‌ನಿಂದ ಹನ್ನೊಂದು ವಾರ ಇಸ್ರೇಲ್ ಅಲ್ಲಿಗೆ ಹಿಡಿ ಧಾನ್ಯವನ್ನೂ ಬಿಡಲಿಲ್ಲ. ಆಮೇಲೆ ವಿಶ್ವಸಂಸ್ಥೆಯ ಸುಮಾರು 400 ವಿತರಣಾ ಕೇಂದ್ರಗಳ ವ್ಯವಸ್ಥೆಯನ್ನು ಬದಿಗೊತ್ತಿ, ಅಮೆರಿಕದ ಬೆಂಬಲದ ‘ಗಾಜಾ ಹ್ಯುಮಾನಿಟೇರಿಯನ್ ಫೌಂಡೇಷನ್’ ನಾಲ್ಕು ಕೇಂದ್ರಗಳನ್ನು ತೆರೆಯಿತು. ಒಳಗೆ ಖಾಸಗಿ ಬಂದೂಕುಧಾರಿಗಳು, ಸುತ್ತ ಇಸ್ರೇಲಿ ಸೇನೆ. ಒಂದು ಪೆಟ್ಟಿಗೆ ಹಿಟ್ಟಿಗಾಗಿ ಜನ ಮೈಲಿಗಟ್ಟಲೆ ನಡೆದರು. ಮೇ 27ರಿಂದ ಜುಲೈ 31ರವರೆಗೆ ಆಹಾರ ಅರಸಿ ಹೋದ 1,373 ಮಂದಿ ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ದಾಖಲಿಸಿತು. ಅವರಲ್ಲಿ 859 ಮಂದಿ ಈ ಕೇಂದ್ರಗಳ ಆಸುಪಾಸಿನಲ್ಲೇ. ಆಗಸ್ಟ್‌ನಲ್ಲಿ ಗಾಜಾ ನಗರ ಪ್ರದೇಶದಲ್ಲಿ ಕ್ಷಾಮ ಖಚಿತವಾಯಿತು.

ನೆರವನ್ನು ಹಮಾಸ್ ದೋಚದಂತೆ ತಡೆಯಲು ಇದು ಬೇಕಿತ್ತು ಎನ್ನುತ್ತಾರೆ ಸಮರ್ಥಕರು. ಬಂದೂಕು ಹಿಡಿದವರು ಅನ್ನ ದೋಚುವುದು ಸುಳ್ಳಲ್ಲ. 1994ರಲ್ಲಿ ರುವಾಂಡಾದ ನರಮೇಧ ನಡೆಸಿದವರೇ ಜಾಯಿರ್‌ನ ನಿರಾಶ್ರಿತ ಶಿಬಿರಗಳಲ್ಲಿ ಆಹಾರ ಹಂಚಿಕೆಯನ್ನು ಕೈಗೆ ತೆಗೆದುಕೊಂಡಿದ್ದರು. ಆಗ ಎಂಎಸ್‌ಎಫ್‌ನ ಫ್ರೆಂಚ್ ಘಟಕ ಕೊಲೆಗಾರರನ್ನು ಸಾಕಲಾರೆವು ಎಂದು ಹೊರನಡೆಯಿತು. ಅದು ಸಂಕಟದ ನಿರ್ಧಾರ. ಆದರೆ ನೆರವಿನವರು ತಾವೇ, ತಮ್ಮ ಆತ್ಮಸಾಕ್ಷಿಗೆ ತಕ್ಕಂತೆ ತೆಗೆದುಕೊಂಡದ್ದು. ಯುದ್ಧದ ಒಂದು ಪಕ್ಷವೇ ಎದುರು ಪಕ್ಷದ ಜನರ ತುತ್ತಿಗೆ ಯಜಮಾನನಾಗಿ ಕೂರುವುದು ಇದಕ್ಕೆ ಹೋಲಿಕೆಯೇ ಅಲ್ಲ. ಲಾರಿಗೆ ಕಾವಲು ಕೊಡಿ, ರಸ್ತೆಯ ಮೈನ್ ತೆಗೆಯಿರಿ, ಯಾರೂ ಬೇಡ ಎನ್ನುವುದಿಲ್ಲ. ಯಾರಿಗೆ, ಎಲ್ಲಿ, ಎಷ್ಟು ಎಂಬ ಪಟ್ಟಿ ಮಾತ್ರ ಸೇನಾ ಕಚೇರಿಯಲ್ಲಿ ತಯಾರಾಗಕೂಡದು.

ಇದು ಅಸಾಧ್ಯವೇನಲ್ಲ. 2022ರ ಫೆಬ್ರವರಿಯಲ್ಲಿ ಭಾರತದ ಗೋಧಿ ಅಟ್ಟಾರಿ ಗಡಿ ದಾಟಿ, ಪಾಕಿಸ್ತಾನದ ಮೂಲಕ ಅಫ್ಗಾನಿಸ್ತಾನಕ್ಕೆ ಹೊರಟಿತು. ಕಾಬೂಲಿನ ತಾಲಿಬಾನ್ ಆಡಳಿತಕ್ಕೆ ದೆಹಲಿ ಮಾನ್ಯತೆ ಕೊಟ್ಟಿರಲಿಲ್ಲ, ಇಸ್ಲಾಮಾಬಾದ್ ಜೊತೆಗಿನ ಸಂಬಂಧವೂ ಹಳಸಿತ್ತು. ಆದರೂ ಗೋಧಿಯನ್ನು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಲಾಯಿತು, ಹಂಚುವ ಕೆಲಸ ಅದರದಾಯಿತು. ಈ ಪದ್ಧತಿಯನ್ನೇ ನಮ್ಮ ಸರ್ಕಾರ ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ನಿಯಮವೆಂದು ಎತ್ತಿಹಿಡಿಯಬೇಕು, ಗಾಜಾದ ವಿಷಯದಲ್ಲೂ ಅಷ್ಟೇ ಗಟ್ಟಿ ದನಿಯಲ್ಲಿ ಕೇಳಬೇಕು.