ಅಂಗಡಿಗೆ ಸರ್ವರ್ ಬಂತು, ಪಕ್ಕದ ಮನೆ ರೇಡಿಯೊ ಗೊರ್ ಅಂತು: ತಪ್ಪು ಯಾರದ್ದು?

ಶಿವಮೊಗ್ಗ: ಸರ್ವರ್ ಅಂದ್ರೆ ಬೆಂಗಳೂರಿನ ದೊಡ್ಡ ಕಂಪನಿಗಳ ಮಾಲು ಅನ್ನೋ ಕಾಲ ಹೋಯ್ತು. ಅಡಿಕೆ ಮಂಡಿಯ ಗಲ್ಲಾದ ಪಕ್ಕ, ಚಿನ್ನದಂಗಡಿಯ ಮಹಡಿ, ಸ್ಕ್ಯಾನಿಂಗ್ ಸೆಂಟರ್, ಕೇಬಲ್ ಇಂಟರ್‌ನೆಟ್ ಆಫೀಸು, ಹೀಗೆ ತಾಲೂಕು ಪೇಟೆಗಳಲ್ಲೂ ಕಬ್ಬಿಣದ ರ‍್ಯಾಕ್‌ಗಳು ಎದ್ದು ನಿಂತಿವೆ. 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರಲ್ಲಿ 2,516 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಈಗ ಹಳ್ಳಿ ಸೊಸೈಟಿಗೂ ಕಂಪ್ಯೂಟರ್, ಯುಪಿಎಸ್ ಬರುತ್ತಿವೆ.

ಡಬ್ಬಿಗಳ ಹಿಂದೆಯೇ ಒಂದು ದೂರೂ ಬರುತ್ತದೆ. 675 ಕಿಲೊಹರ್ಟ್ಸ್‌ನ ಭದ್ರಾವತಿ ಆಕಾಶವಾಣಿ ಹಾಕಿದರೆ ಬರೀ ಗೊರ್ ಸದ್ದು. ಪೇಟೆಯಲ್ಲಿ ರೇಡಿಯೊ ಕೇಳೋರು ಕಮ್ಮಿಯಾಗಿರಬಹುದು, ಆದರೆ ಕೃಷಿ ಕಾರ್ಯಕ್ರಮ, ಪ್ರದೇಶ ಸಮಾಚಾರಕ್ಕೆ ಕಿವಿ ಕೊಡುವ ಮನೆಗಳು ಇನ್ನೂ ಇವೆ. ಮಳೆಗಾಲದಲ್ಲಿ ಮೊಬೈಲ್ ಟವರ್ ಕೈಕೊಟ್ಟಾಗ ಬಾಕಿ ಉಳಿಯೋದೂ ಅದೊಂದೇ.

ಸದ್ದಿನ ಮೂಲ ಸರ್ವರ್, ಅಡಾಪ್ಟರ್, ಯುಪಿಎಸ್‌ಗಳ ಒಳಗಿರುವ ಎಸ್‌ಎಂಪಿಎಸ್. 230 ವೋಲ್ಟ್ ಕರೆಂಟನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ಕತ್ತರಿಸುತ್ತದೆ. ಆ ಕತ್ತರಿಕೆಯ ಗದ್ದಲ ಮೀಡಿಯಂ ವೇವ್ ಮೇಲೂ ಬೀಳುತ್ತದೆ, ಕರೆಂಟ್ ವೈರಿನಲ್ಲೇ ಹರಿದು ಪಕ್ಕದ ಮನೆಗೂ ಹೋಗುತ್ತದೆ. ತಯಾರಕರಿಗೆ ಇದು ಗೊತ್ತು. ಅದಕ್ಕೇ ಕರೆಂಟ್ ಒಳಬರುವ ಜಾಗದಲ್ಲಿ ಫಿಲ್ಟರ್, ಸುತ್ತ ಲೋಹದ ಕವಚ ಇಟ್ಟಿರುತ್ತಾರೆ. ಹಾಳಾಗೋದು ಬಹುಪಾಲು ಕೂರಿಸುವಾಗ.

ಮೊದಲ ಬಲಿ ಅರ್ಥಿಂಗ್. 'ಫ್ಯಾನ್ ಓಡ್ತದೆ, ಲೈಟ್ ಉರೀತದೆ, ಅರ್ಥಿಂಗ್ ಯಾಕೆ?' ಅನ್ನೋರೇ ಜಾಸ್ತಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ತೂತಿನ ಪರಿವರ್ತಕ ಸಿಕ್ಕಿಸಿದರೆ ಕೆಲಸ ಮುಗೀತು ಅಂತ ಲೆಕ್ಕ. ಆದರೆ ಫಿಲ್ಟರ್ ಗದ್ದಲದ ಒಂದು ಪಾಲನ್ನು ಇಳಿಸಬೇಕಾದ್ದು ಆ ಮೂರನೇ ಪಿನ್ನಿನ ದಾರಿಯಲ್ಲೇ. ದಾರಿ ಇಲ್ಲದಿದ್ದರೆ ಗದ್ದಲ ಹೊರಗೆ ಚೆಲ್ಲುತ್ತದೆ. ಜೊತೆಗೆ ಡಬ್ಬಿಯ ಮೈ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕೈಯಿಟ್ಟಾಗ ಜುಂ ಅನ್ನೋದು ಅದೇ. ಫಿಲ್ಟರಿನಿಂದ ಬರುವ ಆ ಕರೆಂಟು ತೀರಾ ಸಣ್ಣದು, ನಿಜ. ಆದರೆ ಒಳಗೆ ವೈರ್ ಸುಟ್ಟ ದಿನ ಅದೇ ಡಬ್ಬಿ ಪ್ರಾಣ ತೆಗೆಯಬಲ್ಲದು. ರೇಡಿಯೊದ ಗೊರ್ ಸದ್ದನ್ನು ಬರೀ ಕಿರಿಕಿರಿ ಅಂತ ತಳ್ಳಿಹಾಕಬಾರದು ಅನ್ನೋದಕ್ಕೆ ಇದೇ ಕಾರಣ. ಅರ್ಥಿಂಗ್ ಗುಂಡಿ ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ಅಳೆದರೇ ಖಾತ್ರಿ.

ಎರಡನೆಯದು ತೆರೆದ ಬಾಯಿ. ಹಾರ್ಡ್ ಡಿಸ್ಕ್, ಕಾರ್ಡ್ ತೆಗೆದ ಜಾಗದ ತಗಡಿನ ಮುಚ್ಚಳವನ್ನು ವಾಪಸ್ ಹಾಕೋರು ಅಪರೂಪ. ಗಾಳಿಯಾಡಲಿ ಅಂತ ಪಕ್ಕದ ತಗಡನ್ನೇ ಬಿಚ್ಚಿಡೋರೂ ಇದ್ದಾರೆ. ಅದರಿಂದ ಗಾಳಿಯ ದಾರಿಯೂ ಕೆಡುತ್ತದೆ, ಗದ್ದಲವೂ ಹೊರಬರುತ್ತದೆ. ನೆಟ್‌ವರ್ಕ್ ಕೇಬಲನ್ನು ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯೋದಂತೂ ಮಾಮೂಲು. ಎರಡನ್ನೂ ಬೇರೆ ದಾರಿಯಲ್ಲಿ ಒಯ್ಯಬೇಕು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಬೇಕು.

ಇನ್ನೊಂದು ವಿಷಯವನ್ನು ಮಾರೋರು ಹೇಳೋದೇ ಇಲ್ಲ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಥ ಉಪಕರಣಗಳಿಗೆ ಕ್ಲಾಸ್ ಎ, ಕ್ಲಾಸ್ ಬಿ ಅಂತ ಎರಡು ದರ್ಜೆ. ಬಿ ಮನೆಗಳಿರುವ ಜಾಗಕ್ಕೆ. ರ‍್ಯಾಕ್ ಸರ್ವರ್‌ಗಳು ಹೆಚ್ಚಾಗಿ ಕ್ಲಾಸ್ ಎ. ಅದರ ಮಿತಿ ಸುಮಾರು 10 ಡೆಸಿಬೆಲ್ ಸಡಿಲ, ಅಂದರೆ ಶಕ್ತಿಯ ಲೆಕ್ಕದಲ್ಲಿ ಹತ್ತು ಪಟ್ಟು. ಮನೆಗಳ ನಡುವೆ ಇಟ್ಟರೆ ರೇಡಿಯೊಗೆ ತೊಂದರೆಯಾಗಬಹುದು ಅಂತ ಅದರ ಕೈಪಿಡಿಯಲ್ಲೇ ಎಚ್ಚರಿಕೆ ಇರುತ್ತದೆ. ಆದರೆ ತಾಲೂಕು ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಆ ಎಚ್ಚರಿಕೆ ಓದಿ ಡಬ್ಬಿಯ ಜಾಗ ಬದಲಿಸಿದವರನ್ನು ಹುಡುಕಬೇಕಷ್ಟೆ.

ಹಾಗಂತ ಎಲ್ಲ ತಪ್ಪನ್ನೂ ಸರ್ವರ್ ತಲೆಗೆ ಕಟ್ಟೋದೂ ಸರಿಯಲ್ಲ. ಎಷ್ಟೋ ಸಲ ಕಳ್ಳ ಪಕ್ಕದ ಅಗ್ಗದ ಸಿಸಿಟಿವಿ ಅಡಾಪ್ಟರ್ ಅಥವಾ ಎಲ್‌ಇಡಿ ಬಲ್ಬು ಆಗಿರುತ್ತದೆ. ಪತ್ತೆಗೆ ಬ್ಯಾಟರಿ ರೇಡಿಯೊ ಸಾಕು. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಒಂದೊಂದೇ ಸಾಮಾನನ್ನು ಕ್ರಮವಾಗಿ ಆಫ್ ಮಾಡುತ್ತಾ ಬಂದರೆ ಯಾವುದು ಅಂತ ತಿಳಿಯುತ್ತದೆ. ಮೇನ್ ಸ್ವಿಚ್ ಇಳಿಸಿದರೂ ಸದ್ದು ನಿಲ್ಲಲಿಲ್ಲವೆಂದು ನೆರೆಯವರ ಮೇಲೆ ಹೋಗುವ ಮೊದಲು ಯುಪಿಎಸ್ ಕೂಡ ಆಫ್ ಮಾಡಿ ನೋಡಬೇಕು, ಅದು ಬ್ಯಾಟರಿ ಮೇಲೆ ಓಡುತ್ತಲೇ ಇರುತ್ತದೆ. ಸಿಕ್ಕಿಬಿದ್ದ ವೈರಿನ ಬುಡಕ್ಕೆ ಫೆರೈಟ್ ಉಂಗುರ ಹಾಕಿದರೆ ಎಷ್ಟೋ ಕಡೆ ತಗ್ಗುತ್ತದೆ. ಬಿಲ್ಲಿಂಗ್ ಕೌಂಟರಿನ ವೈರ್‌ಲೆಸ್ ಮೌಸ್ ತಡವರಿಸಿದರೆ ಅನುಮಾನ ಯುಎಸ್‌ಬಿ 3 ಡಿಸ್ಕ್ ಮೇಲಿರಲಿ. ಅದರ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲಿ ಬೀಳುತ್ತದೆ. ಮೌಸಿನ ರಿಸೀವರನ್ನು ಚಿಕ್ಕ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಟ್ಟರೆ ಸಾಕು.

ಶಟರ್, ರ‍್ಯಾಕ್‌ಗಳ ಮಧ್ಯೆ ಸಿಗ್ನಲ್ ಸಿಗಲ್ಲ ಅಂತ ಆನ್‌ಲೈನ್‌ನಲ್ಲಿ ಮೊಬೈಲ್ ಬೂಸ್ಟರ್ ತರಿಸೋದು ಮಾತ್ರ ಬೇರೆಯೇ ಅಪಾಯ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳೋದು, ಮಾರೋದು ಕಾನೂನುಬಾಹಿರ ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಒಬ್ಬರ ಬೂಸ್ಟರ್ ಇಡೀ ಬೀದಿಯ ಫೋನ್ ಕೆಡಿಸಬಲ್ಲದು.

ಸೊಸೈಟಿ ಆಗಲಿ, ಅಂಗಡಿ ಆಗಲಿ, ಕೊಟೇಶನ್‌ನಲ್ಲಿ ಎಷ್ಟು ಕ್ಯಾಮೆರಾ, ಎಷ್ಟು ಟಿಬಿ ಅಂತ ಇರುತ್ತದೆ. ಅರ್ಥಿಂಗ್ ಅಳತೆಗೆ ಒಂದು ಸಾಲೂ ಇರಲ್ಲ. ಆ ಸಾಲು ಬರೆಸಿಕೊಳ್ಳೋದು, ಕೊನೆಯ ಕಂತು ಕೊಡುವ ಮುಂಚೆ ರ‍್ಯಾಕ್ ಹತ್ತಿರ ಮತ್ತು ಮಹಡಿ ಮನೆಯಲ್ಲಿ ಒಂದೊಂದು ಸಲ ರೇಡಿಯೊ ಹಚ್ಚಿ ಕೇಳೋದು ದುಡ್ಡು ಕೊಡೋರ ಕೈಲೇ ಇದೆ.