ಸರ್ವರ್ ಲಾಗ್‌ನಲ್ಲಿ ಲೆಕ್ಕವೆಷ್ಟು, ಊಹೆಯೆಷ್ಟು?

2021ರ ಫೆಬ್ರವರಿಯಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್‌ನ ಎಂಜಿನಿಯರ್‌ಗಳು ಒಂದು ವಿಚಿತ್ರ ಸಂಗತಿ ಬಹಿರಂಗಪಡಿಸಿದರು. ಒಂದು ನೇರಳೆ ಹೂವಿನ ಫೋಟೋಗೆ ಭಾರತದಿಂದ ದಿನಕ್ಕೆ ಸುಮಾರು 9 ಕೋಟಿ ಬೇಡಿಕೆ ಬರುತ್ತಿತ್ತು. ಅವರ ಒಂದು ಡೇಟಾ ಸೆಂಟರ್‌ನ ಫೋಟೋ, ವಿಡಿಯೋ ಬೇಡಿಕೆಯಲ್ಲಿ ಶೇ. 20ರಷ್ಟು ಇದೊಂದೇ. ದಾಳಿಯೇನೂ ಅಲ್ಲ. ಇಲ್ಲಿ ಜನಪ್ರಿಯವಾಗಿದ್ದ ಒಂದು ಮೊಬೈಲ್ ಆ್ಯಪ್, ತೆರೆದಾಗಲೆಲ್ಲ ಆ ಫೋಟೋ ತರಿಸಿಕೊಳ್ಳುತ್ತಿತ್ತು. ಆ್ಯಪ್ ಬಳಸುವವರಿಗೆ ಹೂವು ಕಾಣುತ್ತಲೂ ಇರಲಿಲ್ಲ.

ಇದಕ್ಕೆ ಹಾಟ್‌ಲಿಂಕಿಂಗ್ ಅಂತಾರೆ. ಇನ್ನೊಬ್ಬರ ಫೋಟೋವನ್ನು ಇಳಿಸಿಕೊಳ್ಳದೆ, ಅದರ ವಿಳಾಸವನ್ನೇ ತಮ್ಮ ಪುಟಕ್ಕೆ ಅಂಟಿಸುವುದು. ನೋಡುಗರು ಅವರಿಗೆ, ಖರ್ಚು ಮೂಲ ಸೈಟಿಗೆ. 500 ಕೆಬಿ ಫೋಟೋ 20,000 ಸಲ ಹೀಗೆ ಹೋದರೆ 10 ಜಿಬಿ ಖಾಲಿ. ವಿಕಿಮೀಡಿಯ ಇದನ್ನು ತಾಳಿಕೊಂಡೀತು. ನಾಲ್ಕು ಯುವಕರು ಕೈಯಿಂದ ದುಡ್ಡು ಹಾಕಿ ನಡೆಸುವ ಕನ್ನಡ ಪೋರ್ಟಲ್‌ಗೆ ತಿಂಗಳ ಮಧ್ಯದಲ್ಲೇ ಬಾಗಿಲು ಮುಚ್ಚುವ ಪರಿಸ್ಥಿತಿ ಬರಬಹುದು.

ಹಾಗಾಗಿ ಸೈಟ್ ನಡೆಸುವವರು ಸರ್ವರ್ ಲಾಗ್ ನೋಡಲೇಬೇಕು. ಅಂಗಡಿಯ ರೋಜು ಪುಸ್ತಕ ಇದ್ದ ಹಾಗೆ ಅದು. ಯಾವ ಫೈಲು, ಯಾವ ಹೊತ್ತಿಗೆ, ಯಾವ ಐಪಿ ವಿಳಾಸಕ್ಕೆ ಹೋಯಿತು ಎಂದು ಬರೆದಿರುತ್ತದೆ. ಆದರೆ ಪಡೆದವರು ಯಾರು, ಯಾಕೆ ಎಂದು ಬರೆದಿರುವುದಿಲ್ಲ.

ಸಮಸ್ಯೆ ಶುರುವಾಗುವುದು ಇಲ್ಲೇ. ಉದಾಹರಣೆಗೆ, ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು. ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ, ಕನ್ನಡ ಶಾಲೆಗಳೂ ಇವೆ. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳ ವಿಷಯ ಎತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಯಿತು. ಅಂಥ ಹೊತ್ತಲ್ಲಿ ಜತ್ತದವರು ಕನ್ನಡ ಸುದ್ದಿ ಹುಡುಕುವುದು ಸಹಜ. ಅಲ್ಲಿನ ಓದುಗ ಮೊಬೈಲಲ್ಲಿ ಸೈಟ್ ತೆರೆದರೆ ಲಾಗ್ ನೋಡುವ ಉಪಕರಣ ಅದನ್ನು ಮುಂಬೈ ಅಥವಾ ಪುಣೆ ಎಂದು ತೋರಿಸಬಹುದು. ಕಾರಣ, ಮೊಬೈಲ್ ಕಂಪೆನಿಗಳು ಒಂದೇ ಐಪಿಯನ್ನು ಸಾವಿರಾರು ಜನರಿಗೆ ಹಂಚುತ್ತವೆ. ಗಡಿ ವಿವಾದದ ಹೊತ್ತಿಗೆ "ಮುಂಬೈಯಿಂದ ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ" ಎಂದು ಹೆದರಿ ಆ ಐಪಿ ತಡೆದರೆ, ನಷ್ಟ ಅದೇ ಕನ್ನಡ ಓದುಗನಿಗೆ.

ಕರಾವಳಿಯಲ್ಲೂ ಈ ಅಪಾಯ ಇದೆ. ವಾತಾವರಣ ಬಿಸಿಯಾದಾಗ ಲಾಗ್‌ನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಸಾಕು, ಸಂಬಂಧವೇ ಇಲ್ಲದ ಯಾರೋ "ಗೂಢಚಾರ" ಆಗಿಬಿಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಒಬ್ಬ ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಬೇಕಾಬಿಟ್ಟಿ ಹಂಚುವ ಕಾಲ ಮುಗಿಯುತ್ತಾ ಬಂತು.

ದಾರಿ ಸರಳ. ತಡೆಯಬೇಕಾದ್ದು ಫೋಟೋ ಸೋರಿಕೆಯನ್ನು, ಓದುಗನನ್ನಲ್ಲ. ಹೆಚ್ಚಿನ ಹೋಸ್ಟಿಂಗ್ ಪ್ಯಾನೆಲ್‌ಗಳಲ್ಲಿ ಹಾಟ್‌ಲಿಂಕ್ ತಡೆಯುವ ಆಯ್ಕೆ ಇರುತ್ತದೆ. ಗೂಗಲ್, ವಾಟ್ಸಾಪ್‌ಗೆ ಅನುಮತಿ ಕೊಟ್ಟು ಉಳಿದದ್ದನ್ನು ಮುಚ್ಚಬಹುದು. ಫೋಟೋದ ಗಾತ್ರ ಇಳಿಸಬಹುದು. ಬಳಸಿದ ಸೈಟ್ ಯಾವುದೆಂದು ತಿಳಿದರೆ ಮೊದಲು ಒಂದು ಮೇಲ್ ಹಾಕಬಹುದು. ಎಷ್ಟೋ ಸಲ ಅದು ಕಳ್ಳತನವಲ್ಲ, ತಿಳಿಯದೆ ಮಾಡಿದ್ದು.

ಲಾಗ್ ಪುಸ್ತಕ ಓದುಗರು ಬಿಟ್ಟುಹೋದ ಅಮಾನತ್. ಅದರಿಂದ ಖರ್ಚಿನ ಲೆಕ್ಕ ತೆಗೆಯಬೇಕು, ಜನರ ಲೆಕ್ಕ ತೆಗೆಯಬಾರದು.