ಟ್ಯಾಂಕಿನಡಿ ತೆವಳಿದ ರಾಣೆ

ಪುಣೆಯಲ್ಲಿ ಬಾಳಿದ ನಮ್ಮ ಕಡೆಯ ದೊಡ್ಡವರು ಯಾರೆಂದರೆ ಎಲ್ಲರೂ ಭೀಮಸೇನ ಜೋಶಿಯವರ ಹೆಸರು ಹೇಳುತ್ತಾರೆ. ನಾನು ಇನ್ನೊಬ್ಬರನ್ನು ಸೇರಿಸುತ್ತೇನೆ: ಮೇಜರ್ ರಾಮ ರಾಘೋಬ ರಾಣೆ. ಕಾರವಾರದ ಹತ್ತಿರದ ಚೆಂಡಿಯಾದವರು, ಮನೆಮಾತು ಕೊಂಕಣಿ. 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದರು. ಆ ಪಡೆಯ ಕೇಂದ್ರ ಇಲ್ಲೇ, ಖಡಕಿಯಲ್ಲಿದೆ.

ಸ್ಯಾಪರ್‌ಗಳೆಂದರೆ ಸೇತುವೆ ಕಟ್ಟುವ, ನೆಲಬಾಂಬ್ ತೆಗೆಯುವ ಸೈನಿಕರು. 1948ರ ಮಾರ್ಚ್‌ನಲ್ಲಿ ಬ್ರಿಗೇಡಿಯರ್ ಉಸ್ಮಾನರ ಪ್ಯಾರಾಚೂಟ್ ಬ್ರಿಗೇಡ್ ಝಂಗಡ್ ಗೆದ್ದಿತ್ತು. ಮುಂದಿನದು ರಾಜೌರಿ. ಆದರೆ ನೌಶೇರಾದಿಂದ ಅಲ್ಲಿಗೆ ಟ್ಯಾಂಕು ಹೋಗುವ ದಾರಿ ತುಂಬ ನೆಲಬಾಂಬು, ಅಡ್ಡ ಕೆಡವಿದ ಪೈನ್ ಮರ. ಮೇಲಿನ ಗುಡ್ಡಗಳಿಂದ ಗುಂಡಿನ ಮಳೆ. ಏಪ್ರಿಲ್ 8ರಂದು ಮಾರ್ಟರ್ ದಾಳಿಯಲ್ಲಿ ರಾಣೆಯವರ ತಂಡದ ಇಬ್ಬರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ಅವರೂ ಒಬ್ಬರು. ಹಾಗಿದ್ದೂ ಹಿಂದೆ ಸರಿಯಲಿಲ್ಲ. ಟ್ಯಾಂಕಿನ ಅಡಿಯಲ್ಲಿ ಅದರ ಜೊತೆಗೇ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಮಾಡುತ್ತ ದಾರಿ ಬಿಡಿಸಿದರು. ಚಾಲಕ ಸನ್ನೆ ತಪ್ಪಿ ತಿಳಿದಿದ್ದರೆ? ಬಂದೂಕು ಹಿಡಿದು ನುಗ್ಗುವುದಕ್ಕಿಂತ ಇದು ಕಷ್ಟದ ಧೈರ್ಯ ಅನ್ನಿಸುತ್ತದೆ ನನಗೆ. ಇಲ್ಲಿ ಅವಸರ ಮಾಡುವಂತಿಲ್ಲ. 12ಕ್ಕೆ ನಮ್ಮ ಸೇನೆ ರಾಜೌರಿ ತಲುಪಿತು.

ಆ ಯುದ್ಧಕ್ಕೆ ಸಂದ ಐದು ಪರಮವೀರ ಚಕ್ರಗಳಲ್ಲಿ ಮೂರು ಮರಣೋತ್ತರ. ಬದುಕಿದ್ದು ಪಡೆದ ಇಬ್ಬರಲ್ಲಿ ರಾಣೆ ಒಬ್ಬರು. 1968ರಲ್ಲಿ ನಿವೃತ್ತರಾದರು, 1994ರ ಜುಲೈ 11ರಂದು ಇದೇ ಪುಣೆಯಲ್ಲಿ ತೀರಿಕೊಂಡರು.

ರಜೆಗೆ ಊರಿಗೆ ಹೋದಾಗ ಕಾರವಾರದ ಕಡಲತೀರದಲ್ಲಿ ಮಕ್ಕಳಿಗೆ ಚಪಲ್ ಯುದ್ಧನೌಕೆ ತೋರಿಸುತ್ತೀರಲ್ಲ, ಅಲ್ಲೇ ಇರುವ ರಾಣೆಯವರ ಪ್ರತಿಮೆಯನ್ನೂ ತೋರಿಸಿ. ಹಗ್ಗದ ಕತೆ ಹೇಳಿ, ಮಕ್ಕಳು ಬಿಡದೆ ಕೇಳುತ್ತಾರೆ.